ಒಲೆ ಹಚ್ಚುವ ಮೊದಲೇ ಕಾದ ನೀರು

ನಮ್ಮ ಅಡುಗೆಮನೆಯಲ್ಲಿ ಬೆಳ್ಳಗಿರುವ ಪ್ರತಿಯೊಂದಕ್ಕೂ ಚೀಟಿ ಇದೆ. ಉಪ್ಪು, ಸಕ್ಕರೆ, ಅಡುಗೆ ಸೋಡಾ, ರಂಗೋಲಿ ಪುಡಿ, ಎಲ್ಲದರ ಹೊಟ್ಟೆಯ ಮೇಲೂ ನನ್ನ ಕೈಬರಹ. ಅತ್ತೆಗೆ ಇದು ದಿನದ ತಮಾಷೆ. "ನನ್ನ ಹಣಿಗೂ ಒಂದು ಚೀಟಿ ಹಚ್ಚಿಬಿಡವಾ, 'ಅತ್ತಿ' ಅಂತ. ಎಲ್ಲೆರ ಮರತೀದಿ."

ಪಟಾನ್‌ಚೆರುವಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ನೀರು ಪರೀಕ್ಷೆ ಮಾಡುತ್ತಿರುವವಳು ನಾನು. ಬಾಯ್ಲರಿಗೆ ಹೋಗುವ ನೀರಿನಲ್ಲಿ ಕ್ಷಾರ ಎಷ್ಟಿದೆ ಎಂದು ನೋಡುವುದು ನನ್ನ ಪಾಲಿನ ಕೆಲಸ. ಬಣ್ಣ ತೋರಿಸುವ ಔಷಧಿ ಎರಡು ಹನಿ ಹಾಕಿದರೆ, ಕ್ಷಾರ ಇದ್ದ ನೀರು ಗುಲಾಬಿಯಾಗುತ್ತದೆ. ಅದು ಮೊದಲ ಹೆಜ್ಜೆ. ಆಮೇಲೆ ಮೇಲಿನ ಗಾಜಿನ ನಳಿಗೆಯಿಂದ ಆಮ್ಲವನ್ನು ಹನಿಹನಿಯಾಗಿ ಬಿಡುತ್ತ, ಆ ಗುಲಾಬಿ ಅಳಿಸಿಹೋಗುವವರೆಗೆ ಎಣಿಸಬೇಕು. ಇದೆಯೋ ಇಲ್ಲವೋ ಎಂಬುದನ್ನು ಬಣ್ಣ ಹೇಳುತ್ತದೆ, ಎಷ್ಟು ಎಂಬುದನ್ನು ಹನಿಗಳ ಎಣಿಕೆ ಹೇಳುತ್ತದೆ. ಹೊಸದಾಗಿ ಬಂದವರಿಗೆಲ್ಲ ನಾನೇ ಇದನ್ನು ಕಲಿಸುತ್ತೇನೆ. ಕಲಿಸುವವಳೇ ಮನೆಯಲ್ಲಿ ಎರಡನೆಯ ಹೆಜ್ಜೆ ಮರೆತೆ.

ನಮ್ಮ ಅತ್ತೆ ಬಾಗಲಕೋಟೆ ಕಡೆಯವರು. ಮಿಯಾಪುರದ ಈ ಅಪಾರ್ಟ್‌ಮೆಂಟಿಗೆ ಬಂದು ಹನ್ನೆರಡು ವರ್ಷವಾದರೂ ಬೇಸಿಗೆ ಬಂತೆಂದರೆ ಉದ್ದಿನ ಹಪ್ಪಳ ಆಗಲೇಬೇಕು. ಅದಕ್ಕೆ ಪಾಪಡಖಾರ ಬೇಕು. ಇದು ಮೆಣಸಿನ ಖಾರವಲ್ಲ, ಹಪ್ಪಳ ಕರಿದಾಗ ಅರಳುವಂತೆ ಮಾಡುವ ಬಿಳಿ ಕ್ಷಾರ, ಬಟ್ಟೆಸೋಡಾದ ಹತ್ತಿರದ ಸಂಬಂಧಿ. ಖಾರ ಹಳೆಯದಾದರೆ ಸತ್ವ ಹೋಗುತ್ತದೆಂದು ಅತ್ತೆಯ ನಂಬಿಕೆ. ಅದಕ್ಕೇ ಅದನ್ನು ನೀರಲ್ಲಿ ಕರಗಿಸಿದ ಕೂಡಲೇ ಬೆರಳು ಅದ್ದಿ ನಾಲಿಗೆಯ ತುದಿಗೆ ಹಚ್ಚಿ ನೋಡುವುದು ಅವರ ಪದ್ಧತಿ. ಅವರ ಅತ್ತೆಯೂ ಹಾಗೇ ಮಾಡುತ್ತಿದ್ದರಂತೆ.

ಎರಡು ವರ್ಷದ ಹಿಂದೆ ನಾನು ಅದನ್ನು ಬಿಡಿಸಿದೆ. ದೊಡ್ಡ ಜಗಳವೇ ಆಯಿತು.

"ಲ್ಯಾಬಿನ್ಯಾಗ ನಾವು ಯಾವುದನ್ನೂ ನಾಲಿಗಿಗೆ ಹಚ್ಚಂಗಿಲ್ಲರಿ ಅತ್ತಿ. ಮೊದಲನೇ ದಿನಾನೇ ಹೇಳಿಕೊಡ್ತಾರ."

"ನಿಮ್ಮ ಲ್ಯಾಬಿನ್ಯಾಗ ಹಪ್ಪಳ ಮಾಡ್ತಾರೇನು?"

ಬದಲಿಗೆ ನಾನು ಅರಿಶಿನ ಕೊಟ್ಟೆ. ಬಿಳಿ ಬಸಿಯಲ್ಲಿ, ಅಂದರೆ ಚಹಾದ ಪುಟ್ಟ ತಟ್ಟೆಯಲ್ಲಿ, ಚಿಟಿಕೆ ಅರಿಶಿನ, ಮೇಲೆ ಎರಡು ಹನಿ ಖಾರದ ನೀರು. ಹಳದಿ ಹೋಗಿ ಕೆಂಪಾದರೆ ಖಾರಕ್ಕೆ ಜೀವವಿದೆ. ಅತ್ತೆ ಬಗ್ಗಿ ನೋಡಿದರು, ಮುಖ ಅರಳಿತು. "ಆರತಿ ನೀರಿನ ಲೆಕ್ಕ ಅಲ್ಲೇನ ಇದು? ಅರಿಶಿಣಕ್ಕ ಸುಣ್ಣ ಹಾಕಿದ್ರ ಕೆಂಪಾಗತೈತಲ್ಲ, ಹಂಗ." ಸುಣ್ಣವೂ ಕ್ಷಾರವೇ ಎಂದೆ. ಅಂದಿನಿಂದ ಬಂದವರಿಗೆಲ್ಲ ಅತ್ತೆಯೇ ಈ ಪರೀಕ್ಷೆ ತೋರಿಸುತ್ತಿದ್ದರು, ತಾವೇ ಕಂಡುಹಿಡಿದವರಂತೆ.

ಚೀಟಿ ಇಲ್ಲದ ಡಬ್ಬಿ ನಮ್ಮ ಮನೆಯಲ್ಲಿ ಒಂದೇ, ಒಂದು ಪುಟ್ಟ ಸ್ಟೀಲಿನದು. ಅದು ಮನೆಮನೆ ತಿರುಗುವ ಡಬ್ಬಿ. ಏಳನೆಯ ಮಹಡಿಯಲ್ಲಿ ಕಲಬುರಗಿಯ ಅಕ್ಕ ಒಬ್ಬರಿದ್ದಾರೆ. ಮೂರನೆಯ ಮಹಡಿಯ ನಮಗೂ ಅವರಿಗೂ ನಡುವೆ ಆ ಡಬ್ಬಿ ಲಿಫ್ಟಿನಲ್ಲಿ ಓಡಾಡುತ್ತಲೇ ಇರುತ್ತದೆ. ಒಮ್ಮೆಯೂ ಖಾಲಿಯಾಗಿ ಹೋಗಿಲ್ಲ, ಬಂದಿಲ್ಲ. ಪಾತ್ರೆಯನ್ನು ಖಾಲಿ ಮರಳಿಸಬಾರದು, ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂಬುದು ಎರಡೂ ಮನೆಯ ಪದ್ಧತಿ. ಕಳೆದ ಬೇಸಿಗೆಯಲ್ಲಿ ಅಕ್ಕ ನಮ್ಮಿಂದ ಖಾರ ಒಯ್ದಿದ್ದರು. ಡಬ್ಬಿ ತುಂಬಿಯೇ ವಾಪಸು ಬಂತು. ಖಾರವನ್ನೇ ಮರಳಿಸಿದ್ದಾರೆ ಎಂದುಕೊಂಡು ನಾನು ಮುಚ್ಚಳ ತೆಗೆದೂ ನೋಡದೆ ಶೆಲ್ಫಿಗೆ ಇಟ್ಟೆ.

ಅಕ್ಕನ ಮಗಳು ಏಳು ತಿಂಗಳ ಬಸುರಿ. ಹೆರಿಗೆಗೆಂದು ತವರಿಗೆ ಬಂದು ಮೂರು ವಾರವಾಗಿತ್ತು. ಹಿಂದೊಮ್ಮೆ ಐದನೆಯ ತಿಂಗಳಲ್ಲಿ ಕಳೆದುಕೊಂಡಿದ್ದಳು. ಹಾಗಾಗಿ ಆ ಮನೆಯಲ್ಲಿ ಯಾರೂ ಜೋರಾಗಿ ನಗುತ್ತಲೂ ಇರಲಿಲ್ಲ. ಅವಳಿಗೆ ಹಪ್ಪಳದ ಹಸಿ ಹಿಟ್ಟಿನ ಬಯಕೆ. ಉದ್ದಿನ ಹಿಟ್ಟು, ಇಂಗು, ಮೆಣಸಿನಪುಡಿ, ಖಾರದ ನೀರು, ಇವನ್ನು ಕಲಸಿ ಎಣ್ಣೆ ಹಚ್ಚಿ ಕುಟ್ಟಿದ ಮೆತ್ತನೆಯ ಉಂಡೆ. ಬೇಯಿಸದೆ, ಎಣ್ಣೆಯಲ್ಲಿ ಅದ್ದಿ ತಿನ್ನುವುದು. ನಮ್ಮ ಕಡೆ ಹಪ್ಪಳ ಲಟ್ಟಿಸುವವರ ಅರ್ಧ ಕೂಲಿಯೇ ಅದು. ಬಯಕೆ ತೀರಿಸದಿದ್ದರೆ ಹೇಗೆ? ಅತ್ತೆ ಮುಹೂರ್ತ ನೋಡಿದವರಂತೆ ಶುಕ್ರವಾರ ಗೊತ್ತುಮಾಡಿದರು. ನಾನು ರಜೆ ಹಾಕಿದೆ.

ಬೆಳಿಗ್ಗೆ ನಾನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಅತ್ತೆ ಡಬ್ಬಿ ತೆಗೆದರು.

"ಇದೇನವಾ, ಖಾರ ಈ ಸಲ ಸಾಬೂದಾಣಿ ಇದ್ದಂಗ ಐತಲ್ಲ. ಸಣ್ಣ ಸಣ್ಣ ಮಣಿ."

"ಅಕ್ಕಾರ ಬ್ಯಾರೆ ಅಂಗಡ್ಯಾಗ ತಂದಿರಬೇಕ್ರಿ. ಬೇಗಂ ಬಜಾರಿಂದು ಇರತೈತಿ," ಎಂದೆ ಅಲ್ಲಿಂದಲೇ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು.

ನಾನು ಒಳಗೆ ಬರುವಷ್ಟರಲ್ಲಿ ಖಾರದ ನೀರು ಒಲೆಯ ಮೇಲೆ ಕುದಿಯುತ್ತಿತ್ತು. ಇಳಿಸಿ ಆರಿಸಿದೆವು. ಬಸಿಯಲ್ಲಿ ಅರಿಶಿನ ಇಟ್ಟು ಎರಡು ಹನಿ ಬಿಟ್ಟೆ. ತಟ್ಟನೆ ಕೆಂಪು, ದಾಸವಾಳದಂಥ ಕೆಂಪು. "ಪಾಸ್ ರೀ ಅತ್ತಿ," ಎಂದೆ. ಅತ್ತೆ ಬೆರಳು ಮುಂದೆ ಚಾಚಿದವರು ನನ್ನ ಮುಖ ನೋಡಿ ಹಿಂದೆಗೆದುಕೊಂಡರು. "ಆತು ತಗೋ, ನಿನ್ನ ಅರಿಶಿಣ ಹೇಳಿದ್ಮ್ಯಾಲ ನಂದೇನೈತಿ."

ಹಿಟ್ಟು ನಾನೇ ಕಲಸಿದೆ. ಹಿಂದಿನ ದಿನ ಈಳಿಗೆ ತಾಗಿ ಬೆರಳಲ್ಲಿ ಸಣ್ಣ ಗಾಯವಿತ್ತು. ಅದು ಚುರುಚುರು ಎಂದಿತು. ಮೆಣಸಿನಪುಡಿ ಎಂದುಕೊಂಡೆ. ಹಿಟ್ಟು ಎಂದಿಗಿಂತ ಹೆಚ್ಚು ಹಳದಿಯಾಗಿತ್ತು, ಜಾರುತ್ತಿತ್ತು. ಎಣ್ಣೆ ಹೆಚ್ಚಾಯಿತು ಎಂದುಕೊಂಡೆ. ಒಂದೊಂದಕ್ಕೂ ಒಂದೊಂದು ಕಾರಣ ನನ್ನ ಬಳಿ ಸಿದ್ಧವಾಗಿಯೇ ಇತ್ತು.

ಹತ್ತು ಗಂಟೆಗೆ ಅಕ್ಕ ಇಳಿದುಬಂದರು. ಸೀರೆ ಎತ್ತಿ ಕಟ್ಟಿ, ಕಲ್ಲಿನ ಗುಂಡಿನಿಂದ ಹಿಟ್ಟು ಜಜ್ಜಿದರು. ಕೆಳಗಿನ ಮನೆಯವರು ಚಾವಣಿ ಬಡಿಯುವ ಮೊದಲು ಮುಗಿಸಬೇಕೆಂದು ನಗಾಡಿದರು. ಆಮೇಲೆ ಲಿಂಬೆಹಣ್ಣಿನ ಗಾತ್ರದ ಉಂಡೆಯೊಂದನ್ನು ಸಣ್ಣ ತಟ್ಟೆಯಲ್ಲಿಟ್ಟು, ಮೇಲೆ ಎಣ್ಣೆ ಸುರಿದರು.

"ನಮ್ಮಾಕಿಗೆ ಕೊಟ್ಟು ಬರ್ತೀನ್ರಿ ವೈನಿ. ಮುಂಜಾನಿಂದ 'ಆತೇನ, ಆತೇನ' ಅಂತ ಜೀವಾ ತಿನ್ನಾಕತ್ತಾಳ."

ಅಕ್ಕನಿಗೂ ಅವರ ಯಜಮಾನರಿಗೂ ನಾನು ವೈನಿ, ಅಂದರೆ ಅತ್ತಿಗೆ, ಮಗಳಿಗೆ ಕಾಕು, ಚಿಕ್ಕಮ್ಮ. ಅಕ್ಕ ಹೋದರು. ನಾನು ಮಣೆ ಲಟ್ಟಣಿಗೆ ತೊಳೆಯುತ್ತಿದ್ದೆ. ಅತ್ತೆ ನೆಲದ ಮೇಲೆ ಕೂತು ಉಳಿದ ಹಿಟ್ಟಿನಲ್ಲಿ ಉಂಡೆ ಮುರಿಯುತ್ತಿದ್ದರು. ತಮ್ಮಷ್ಟಕ್ಕೆ ತಾವು ಎನ್ನುವಂತೆ ಹೇಳಿದರು:

"ಏನ ಅನ್ನು, ಖಾರ ಭಾಳ ಜಬರದಸ್ತ್ ಐತಿ. ಒಲಿ ಹಚ್ಚೂದಕ್ಕ ಮೊದಲ ನೀರು ಕಾದುಬಿಟ್ಟಿತ್ತು. ಭಾಂಡೆ ಹಿಡದ್ರ ಕೈ ಸುಟ್ಟಂಗಾತು ನೋಡು."

ನನ್ನ ಕೈಯಲ್ಲಿದ್ದ ಲಟ್ಟಣಿಗೆ ಸಿಂಕಿಗೆ ಬಿತ್ತು.

ಪಾಪಡಖಾರ ಎರಡು ಚಮಚ ಹಾಕಿದರೆ ನೀರು ಕೈ ಸುಡುವಷ್ಟು ಕಾಯುವುದಿಲ್ಲ. ಹಾಕಿದ ಕೂಡಲೇ ನೀರನ್ನು ಕಾಯಿಸುವ ಬಿಳಿ ಮಣಿ ನಾನು ಲ್ಯಾಬಿನಲ್ಲಿ ದಿನವೂ ಕಾಣುವಂಥದು, ಕಾಸ್ಟಿಕ್ ಸೋಡಾ. ಅದನ್ನು ಕರಗಿಸುವಾಗ ನಾವು ಕನ್ನಡಕ, ಕೈಗವಸು ಹಾಕಿಕೊಳ್ಳುತ್ತೇವೆ. ಕೊಬ್ಬನ್ನು ಸೋಪು ಮಾಡುವುದು ಅದೇ, ಚರ್ಮ ತಿನ್ನುವುದೂ ಅದೇ. ಏಳನೆಯ ಮಹಡಿಯಲ್ಲಿ ಅಕ್ಕನ ಯಜಮಾನರು ನಿವೃತ್ತರಾದ ಮೇಲೆ ಕರಿದ ಎಣ್ಣೆ ಕೂಡಿಟ್ಟು ಬಟ್ಟೆ ಸೋಪು ಮಾಡುತ್ತಿದ್ದರು. ಇಡೀ ಬ್ಲಾಕಿಗೆ ಹಂಚುತ್ತಿದ್ದರು. ನಮ್ಮ ಸಿಂಕಿನ ಪಕ್ಕದಲ್ಲೇ ಅವರದೊಂದು ಸೋಪಿನ ತುಂಡು ಇತ್ತು. ಅದನ್ನೇ ನೋಡುತ್ತ ನಿಂತಿದ್ದೆ ಒಂದು ಕ್ಷಣ.

ಅರಿಶಿನಕ್ಕೆ ಎರಡೂ ಒಂದೇ. ಖಾರಕ್ಕೂ ಕೆಂಪು, ಕಾಸ್ಟಿಕ್ಕಿಗೂ ಕೆಂಪು.

"ಅತ್ತಿ, ಹಿಟ್ಟು ಬಿಡ್ರಿ. ಕೈ ತೊಳ್ಕೋರಿ, ನಳದ ಕೆಳಗ, ನಾ ಬರೂತನ ತೊಳಕೋತನ ಇರ್ರಿ. ಬಾಯಿಗೆ ಏನರ ಹಾಕ್ಕೊಂಡೀರೇನು?"

"ಇಲ್ಲ. ಯಾಕವಾ?"

ಅಕ್ಕನಿಗೆ ಫೋನ್ ಮಾಡಿದೆ. ಎಣ್ಣೆ ಬಟ್ಟಲಿನ ಪಕ್ಕದಲ್ಲೇ ಅದು ಹಾಡತೊಡಗಿತು. ಇಲ್ಲೇ ಬಿಟ್ಟು ಹೋಗಿದ್ದರು. ಮಗಳ ನಂಬರು ನನ್ನ ಬಳಿ ಇರಲಿಲ್ಲ. ಇಂಟರ್‌ಕಾಮ್ ಕೆಟ್ಟು ತಿಂಗಳಾಗಿತ್ತು. ಡಬ್ಬಿ ಕೈಗೆತ್ತಿಕೊಂಡು ಹೊರಗೆ ಓಡಿದೆ. ಲಿಫ್ಟಿನ ದೀಪ ಒಂಬತ್ತರಲ್ಲಿ ನಿಂತಿತ್ತು. ಮೇಲಿಂದ ಯಾರೋ ಕಪಾಟು ಇಳಿಸುತ್ತಿದ್ದ ಸದ್ದು, "ಧೀರೇ, ಧೀರೇ" ಎಂಬ ಕೂಗು. ಮೆಟ್ಟಿಲು ಹತ್ತಿದೆ.

ನಾಲ್ಕು ಮಹಡಿ. ನನ್ನ ಎಡ ಮಂಡಿ ಒಂದು ಮಹಡಿಗೇ ಮುನಿಸಿಕೊಳ್ಳುವಂಥದು. ಅವತ್ತು ಅದರ ನೆನಪೇ ಆಗಲಿಲ್ಲ. ನೆನಪಾಗುತ್ತಿದ್ದದ್ದು ಒಂದೇ: ಅಕ್ಕ ಹೋಗಿ ಎಷ್ಟು ಹೊತ್ತಾಯಿತು? ಒಂದು ಲಟ್ಟಣಿಗೆ, ಎರಡು ಮಣೆ ತೊಳೆಯುವಷ್ಟು. ಒಂದು ಉಂಡೆ ತಿನ್ನಲು ಅಷ್ಟೇ ಸಾಕು. ಆರನೆಯ ಮಹಡಿಯ ತಿರುವಿನಲ್ಲಿ ಯಾರದೋ ಚಪ್ಪಲಿ ಸ್ಟ್ಯಾಂಡಿಗೆ ಎಡವಿದೆ. ಚಪ್ಪಲಿಗಳು ಕೆಳಗುರುಳಿದವು. ತಿರುಗಿ ನೋಡಲಿಲ್ಲ.

ಬಾಗಿಲು ತೆರೆದೇ ಇತ್ತು. ಹುಡುಗಿ ಸೋಫಾದಲ್ಲಿ ಕಾಲು ಚಾಚಿ, ಹೊಟ್ಟೆಯ ಮೇಲೇ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಉಂಡೆಯ ಒಂದು ಮೂಲೆ ಮುರಿದಿತ್ತು. ಅವಳ ಬಾಯಿ ಆಡುತ್ತಿತ್ತು.

"ನುಂಗಬ್ಯಾಡ!"

ಅಷ್ಟು ಜೋರಾಗಿ ನಾನು ಜೀವನದಲ್ಲಿ ಕೂಗಿಲ್ಲ. ಹುಡುಗಿ ಬೆಚ್ಚಿದಳು, ತಟ್ಟೆ ನೆಲಕ್ಕೆ ಬಿತ್ತು. ಅಕ್ಕ ಅಡುಗೆಮನೆಯಿಂದ, ಅವರ ಯಜಮಾನರು ಬಾಲ್ಕನಿಯಿಂದ ಓಡಿಬಂದರು.

"ಉಗುಳವಾ, ಉಗುಳು. ನುಂಗೀದ್ಯಾ?"

"ಇಲ್ಲ ಕಾಕು," ಅಂಗೈಗೆ ಉಗುಳುತ್ತ ಅಂದಳು. "ಈಗ ಬಾಯಿಗೆ ಹಾಕ್ಕೊಂಡೆ. ಸಬಕಾರ ಸಬಕಾರ, ಸೋಪ್ ತಿಂದಂಗ ಹತ್ತಾಕತ್ತಿತ್ತು. ನಾಲಿಗಿ ಉರಿಯಾಕತ್ತೇತಿ."

ಅವಳ ರಟ್ಟೆ ಹಿಡಿದು ಸಿಂಕಿಗೆ ಒಯ್ದು ನಳ ಬಿಟ್ಟೆ. "ಮುಕ್ಕಳಿಸು, ಉಗುಳು. ಮತ್ತ ಮುಕ್ಕಳಿಸು. ನಾ ಸಾಕು ಅನ್ನೂತನ ಬಿಡಬ್ಯಾಡ." ಅಕ್ಕ ಏನೇನೆಂದು ಕೇಳುತ್ತಿದ್ದರು. ನಾನು ಕಾಸ್ಟಿಕ್ ಎಂದ ಒಂದು ಮಾತಿಗೆ ಯಜಮಾನರಿಗೆ ಎಲ್ಲ ಅರ್ಥವಾಯಿತು. ಅವರು ಫ್ರಿಜ್ಜಿಗೆ ಧಾವಿಸಿ ಲಿಂಬೆಹಣ್ಣು ಹೆಚ್ಚಿ, ಹಿಂಡಲು ಬಟ್ಟಲು ತಂದೇಬಿಟ್ಟರು.

"ಬ್ಯಾಡ್ರಿ!" ಅವರ ಕೈ ತಡೆದೆ.

"ಕ್ಷಾರಕ್ಕ ಹುಳಿ ಅಲ್ಲೇನ್ರಿ ವೈನಿ? ಎರಡೂ ಕೂಡಿದ್ರ ಉಪ್ಪು ನೀರು ಆಗತೈತಿ. ನನಗ ಗೊತ್ತಿಲ್ಲೇನು, ದಿನಾ ಸೋಪ್ ಮಾಡಾಂವ."

"ಆಗತೈತ್ರಿ. ಆದ್ರ ಆಗೂ ಮುಂದ ಬಿಸಿ ಹುಟ್ಟತೈತಿ. ಸುಟ್ಟ ನಾಲಿಗಿ ಮ್ಯಾಲ ಮತ್ತ ಸುಡೂದು ಬ್ಯಾಡ. ಬರೇ ನೀರು."

"ವಾಂತಿ ಮಾಡಿಸೂಣೇನು?" ಅಕ್ಕ ಕೇಳಿದರು, ಸೆರಗು ಬಾಯಿಗೆ ಒತ್ತಿಕೊಂಡು.

"ಬ್ಯಾಡ್ರಿ. ನುಂಗಿದ್ರ ಬರೂವಾಗೂ ಗಂಟಲ ಸುಡತೈತಿ. ಗಾಡಿ ಹೇಳ್ರಿ, ದವಾಖಾನಿಗೆ ಹೋಗೂಣು."

ಕ್ಯಾಬ್ ಬರಲು ಆರು ನಿಮಿಷ ಎಂದು ತೋರಿಸುತ್ತಿತ್ತು. ಹುಡುಗಿ ಮುಕ್ಕಳಿಸುತ್ತಲೇ ಇದ್ದಳು. ಆ ಆರು ನಿಮಿಷದಲ್ಲಿ ನಾನು ಅರ್ಧ ಲಿಂಬೆಹಣ್ಣಿಗೆ ಬೇರೆ ಕೆಲಸ ಕೊಟ್ಟೆ. ವೈದ್ಯರಿಗೆ 'ಇರಬಹುದು' ಎಂದು ಹೇಳುವುದು ಬೇಡವಾಗಿತ್ತು ನನಗೆ. ಅವರ ಬಾಲ್ಕನಿಯ ಶೆಲ್ಫಿನಲ್ಲಿ ಎರಡು ಪ್ಲಾಸ್ಟಿಕ್ ಡಬ್ಬಗಳು ಅಕ್ಕಪಕ್ಕ ಕೂತಿದ್ದವು, ಎರಡಕ್ಕೂ ನೀಲಿ ಮುಚ್ಚಳ. ಒಂದರಲ್ಲಿ ಪಾಪಡಖಾರ, ಒಂದರಲ್ಲಿ ಸೋಪಿನ ಕಾಸ್ಟಿಕ್. ಒಂದು ಬಸಿಯಲ್ಲಿ ಆ ಖಾರ, ಇನ್ನೊಂದರಲ್ಲಿ ನಮ್ಮ ಸ್ಟೀಲ್ ಡಬ್ಬಿಯ ಮಣಿ ಹಾಕಿ, ದೂರದಿಂದ ಹುಳಿ ಹಿಂಡಿದೆ. ಖಾರ ಬುಸ್ಸೆಂದು ನೊರೆಯೆದ್ದು ಬಸಿ ತುಂಬಿತು. ಅದರೊಳಗೆ ಅಡಗಿದ ಗಾಳಿಯನ್ನು ಹುಳಿ ಹೊರಗಟ್ಟುತ್ತದೆ. ನಮ್ಮ ಡಬ್ಬಿಯ ಮಣಿಯ ಮೇಲೆ ನೊರೆ ಏಳಲಿಲ್ಲ. ಅಂಚಿನಲ್ಲಿ ಒಂದೆರಡು ಗುಳ್ಳೆ, ಅಷ್ಟೇ. ಬಸಿಯ ತಳ ಮುಟ್ಟಿದೆ. ಸುಡುತ್ತಿತ್ತು.

ಅಡುಗೆಮನೆಯಲ್ಲಿ ಇಂಥ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಬೆಳಿಗ್ಗೆ ಆ ಅರ್ಧ ನಿಮಿಷ ನನ್ನ ಬಳಿ ಇತ್ತು.

ಸಿಂಕಿನ ಬಳಿಯಿಂದ ಹುಡುಗಿ ನೋಡುತ್ತಿದ್ದಳು. ಬಾಯೊರೆಸಿಕೊಂಡು ತಾಯಿಗೆ ಅಂದಳು: "ಅವ್ವಾ, ಆ ಡಬ್ಬಿ ನಾನೇ ತುಂಬಿದ್ದು. 'ಖಾಲಿ ಕಳಸಬ್ಯಾಡ, ಬಾಲ್ಕನ್ಯಾಗ ನೀಲಿ ಮುಚ್ಚಳದ್ರಾಗ ಖಾರ ಐತಿ' ಅಂದಿದ್ದಿ. ಎರಡು ಅದಾವ ಅಂತ ನನಗ ಗೊತ್ತಿರಲಿಲ್ಲ."

ಅಕ್ಕ ಗಂಡನ ಕಡೆ ನೋಡಿದರು, ಗಂಡ ಡಬ್ಬಗಳ ಕಡೆ. ನಾನು ಮತ್ತೆ ನಳ ತಿರುಗಿಸಿದೆ. "ಮುಕ್ಕಳಿಸು."

ದವಾಖಾನೆಯಲ್ಲಿ ವೈದ್ಯೆ ನಾಲಿಗೆ, ಗಂಟಲು ಬೆಳಕು ಬಿಟ್ಟು ನೋಡಿದರು. "ನಿಗ್ಲಾ ತೋ ನಹೀ ನಾ?" ಎಂದು, ನುಂಗಲಿಲ್ಲ ತಾನೇ ಎಂದು, ಮೂರು ಸಲ ಕೇಳಿದರು. ಮೂರು ಸಲವೂ ಹುಡುಗಿ ಇಲ್ಲವೆಂದಳು. ಮೂರು ಸಲವೂ ಅಕ್ಕ ನನ್ನ ಕೈ ಹಿಚುಕಿದರು. ನಾಲಿಗೆಯ ಒಂದು ಬದಿ ಕೆಂಪಾಗಿ, ಮೇಲ್ಪದರ ಬೆಳ್ಳಗೆ ಸುಲಿದಿತ್ತು. ಗಂಟಲು ಸ್ವಚ್ಛವಿತ್ತು. ಮಗುವಿನ ಎದೆಬಡಿತ ಕೇಳಿಸಲು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ಹೊರಗೆ ಅಕ್ಕ, ನಾನು ಪಕ್ಕಪಕ್ಕದಲ್ಲಿ ಕೂತೆವು. ನನ್ನ ಉಗುರಿನ ಸಂದಿಯಲ್ಲಿ ಹಳದಿ ಹಿಟ್ಟು ಇನ್ನೂ ಇತ್ತು. ಎದ್ದು ಹೋಗಿ ತೊಳೆದೆ. ಬಂದು ಕೂತೆ. ಮತ್ತೆ ಎದ್ದು ತೊಳೆದೆ. ಎಷ್ಟು ತೊಳೆದರೂ ಬೆರಳು ಜಾರಿದಂತೆಯೇ ಅನಿಸುತ್ತಿತ್ತು.

ಬಾಗಿಲು ತೆರೆದಾಗ ಹುಡುಗಿ ತಾನೇ ನಡೆದು ಬಂದಳು. "ಒದೀಲಿಕತ್ತೇತಿ," ಎಂದಳು ಹೊಟ್ಟೆ ಮುಟ್ಟಿ, ತೊದಲುತ್ತ. ಆಗ ಅಕ್ಕ ಅತ್ತರು.

ಮನೆಗೆ ಬಂದಾಗ ಅತ್ತೆ ನಳದ ಬಳಿಯೇ ನಿಂತಿದ್ದರು. ನಾ ಬರೂತನ ಅಂದಿದ್ದೆನಲ್ಲ. ಟ್ಯಾಂಕಿನ ನೀರೆಲ್ಲ ಮುಗಿದಿತ್ತು, ಕೈಗಳು ನೆನೆದು ಸುಕ್ಕಾಗಿದ್ದವು. ನಡೆದದ್ದನ್ನೆಲ್ಲ ಹೇಳಿದೆ. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದರು: "ನಾ ಮುಂಜಾನಿ ನಾಲಿಗಿಗೆ ಹಚ್ಚಿ ನೋಡಿದ್ರ?"

"ಗೊತ್ತಾಗ್ತಿತ್ರಿ."

"ನೋಡು ಮತ್ತ."

"ನಿಮ್ಮ ನಾಲಿಗಿ ಹೋಗ್ತಿತ್ತು."

"ನಂದೇನು, ಮುದಿ ನಾಲಿಗಿ," ಎಂದರು. ಆದರೆ ಆ ವಾದ ಅಲ್ಲಿಗೆ ನಿಂತಿತು. ನೀರು ಕಾದದ್ದನ್ನು ಹೇಳಿದವರು ಅವರೇ, ಅದನ್ನು ನಾನು ನೆನಪಿಸಿದೆ. ಹಿಟ್ಟನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಮೇಲೆ 'ವಿಷ' ಎಂದು ದೊಡ್ಡದಾಗಿ ಬರೆದೆ. ಒಂದು ಕಿಲೋ ಉದ್ದಿನ ಹಿಟ್ಟಿನ ಆ ಚೀಲವನ್ನು ಅತ್ತೆಯೇ ಕಸದ ಡಬ್ಬಿಗೆ ಒಯ್ದು ಹಾಕಿದರು.

ಅಕ್ಕ ಹತ್ತು ದಿನ ಕೆಳಗಿಳಿಯಲಿಲ್ಲ. ನಾನೂ ಮೇಲೆ ಹೋಗಲಿಲ್ಲ. ಅವರಿಗೆ ಮುಖ ತೋರಿಸಲು ಸಂಕೋಚ, ನನಗೂ ಅದೇ. ಹನ್ನೊಂದನೆಯ ದಿನ ಹುಡುಗಿಯೇ ಲಿಫ್ಟಿನಲ್ಲಿ ಬಂದಳು. "ಕಾಕು, ನಾಲಿಗಿ ಮಾದೈತಿ," ಎಂದು ಬಾಗಿಲಲ್ಲೇ ನಾಲಿಗೆ ಚಾಚಿ ತೋರಿಸಿದಳು. ಆಮೇಲೆ ಮೆಲ್ಲಗೆ: "ಹಿಟ್ಟು ಮತ್ತ ಮಾಡ್ತೀರೇನು?"

ಹೊಸ ಖಾರ ತಂದೆ. ಅರಿಶಿನಕ್ಕೆ ಹಾಕಿ ನೋಡಿದೆ, ಕೆಂಪಾಯಿತು. ಹುಳಿ ಹಿಂಡಿದೆ, ಬುಸ್ಸೆಂದಿತು. ತಣ್ಣೀರಿಗೆ ಹಾಕಿ ಪಾತ್ರೆಯ ಹೊರಮೈ ಮುಟ್ಟಿ ನೋಡಿದೆ, ಬೆಚ್ಚಗೂ ಆಗಲಿಲ್ಲ. ಆಮೇಲೆಯೇ ಒಲೆ ಹಚ್ಚಿದ್ದು. ಹಿಟ್ಟು ಕಲಸಿ, ಕುಟ್ಟಿ, ಮೊದಲ ಉಂಡೆಗೆ ಎಣ್ಣೆ ಸುರಿದೆ. ಆ ಉಂಡೆಯನ್ನು ನಾನೇ ಬಾಯಿಗೆ ಹಾಕಿಕೊಂಡೆ. ಗೋಡೆಯ ಗಡಿಯಾರ ನೋಡುತ್ತ ನಿಂತೆ. ಹತ್ತು ನಿಮಿಷ.

ಅತ್ತೆ ನೆಲದಿಂದ ನನ್ನನ್ನೇ ನೋಡುತ್ತಿದ್ದರು. "ಏನವಾ, ಲ್ಯಾಬಿನ್ಯಾಗ ನಾಲಿಗಿಗೆ ಹಚ್ಚಂಗಿಲ್ಲ ಅಂತಿದ್ದೆಲಾ?"

ಬಾಯಿ ತುಂಬ ಹಿಟ್ಟಿತ್ತು, ಗಡಿಯಾರದ ಕಡೆ ಬೆರಳು ತೋರಿಸಿದೆ.

ತಟ್ಟೆ ಹಿಡಿದು ನಾನೂ ಅತ್ತೆಯೂ ಏಳನೆಯ ಮಹಡಿಗೆ ಹೋದೆವು. ಬಾಲ್ಕನಿಯ ಶೆಲ್ಫು ಖಾಲಿಯಾಗಿತ್ತು. ಸೋಪಿನ ಸಾಮಾನೆಲ್ಲ ಬೀಗ ಹಾಕಿದ ಪೆಟ್ಟಿಗೆಯೊಳಗೆ ಹೋಗಿತ್ತು. ಹುಡುಗಿ ಉಂಡೆ ಮುರಿದು ಬಾಯಿಗೆ ಹಾಕಿಕೊಂಡಳು. ಅಕ್ಕ, ಅವರ ಯಜಮಾನರು, ಅತ್ತೆ, ನಾನು ನಾಲ್ವರೂ ಅವಳ ದವಡೆ ಆಡುವುದನ್ನೇ ನೋಡುತ್ತ ನಿಂತೆವು. ಯಾರೂ ಕೂರಲಿಲ್ಲ.

ಅವಳು ಅಗಿಯುವುದನ್ನು ನಿಲ್ಲಿಸಿದಳು.

"ಎಲ್ಲಾರೂ ಹಿಂಗ ಬಾಯಿ ನೋಡಾಕತ್ರ," ಎಂದಳು ಹಿಟ್ಟನ್ನು ಒಂದು ಕೆನ್ನೆಗೆ ಸರಿಸಿ, "ನಾ ಹೆಂಗ ನುಂಗಲಿ?"

ನಾವು ಬೇರೆ ಕಡೆ ನೋಡಿದೆವು. ಅವಳು ನುಂಗಿದಳು.